ನವಿಲಿನ ಕೊಕ್ಕಿನ ತನಕ

ಅಲ್ಟ್ರಾಸೌಂಡ್ ಯಂತ್ರಕ್ಕೆ ಜೀವ ಇದೆಯೋ ಇಲ್ಲವೋ ನೋಡುವುದು ಸುಲಭ. ಅಂಗೈಗಿಂತ ಚಿಕ್ಕದಾದ ಅದರ ತಲೆಯನ್ನು ಅಂಗಾತ ಹಿಡಿದು, ಮೇಲೆ ಎರಡು ಹನಿ ನೀರು ಬಿಟ್ಟು, ಗುಂಡಿ ತಿರುಗಿಸಿ ಪ್ರಮಾಣ ಏರಿಸಬೇಕು. ಒಳಗಿನ ಹರಳು ಕಂಪಿಸುತ್ತಿದ್ದರೆ ನೀರು ಸಣ್ಣಗೆ ನಡುಗಿ, ಕುದಿ ಬಂದಂತೆ ಕಂಡು, ಹೊಗೆಯ ಹಾಗೆ ತುಂತುರೆದ್ದು ಹೋಗುತ್ತದೆ. ಅಷ್ಟು ಬಿಟ್ಟರೆ ಅದು ಬದುಕಿರುವುದಕ್ಕೆ ಬೇರೆ ಗುರುತಿಲ್ಲ. ಸದ್ದು ಕಿವಿಗೆ ಕೇಳುವುದಿಲ್ಲ. ನರದ ಗಾಯಕ್ಕೆ ಇಡುವ ಸಣ್ಣ ಪ್ರಮಾಣದಲ್ಲಿ ಕಾವೂ ತಿಳಿಯುವುದಿಲ್ಲ. ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದೆ ಇರುವ ನನ್ನ ಫಿಸಿಯೋಥೆರಪಿ ಕೋಣೆಗೆ ಬರುವವರಿಗೆ ಇದೇ ದೊಡ್ಡ ದೂರು. ಅವರ ಬಾಯಲ್ಲಿ ಇದು "ಕರೆಂಟ್ ಇಡ್ಸ್ಕಳದು". ಕರೆಂಟ್ ಅಂದ ಮೇಲೆ ಒಂಚೂರಾದರೂ ಚುರುಕ್ ಅನ್ನಬೇಡವೇ ಎಂಬುದು ಅವರ ವಾದ.

ಅವತ್ತು ಆ ಮಾತು ಎತ್ತಿದವರು ದೊಡ್ಡಪ್ಪ. ನನಗೆ ನಂಟರೇನಲ್ಲ, ಜೀರಹಳ್ಳಿ ಕಡೆಯ ಒಕ್ಕಲು. ಕೈಗೆ ಪೆಟ್ಟಾದ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ವಯಸ್ಸು ನೋಡಿ ನಾನು ಅವರನ್ನು ದೊಡ್ಡಪ್ಪ, ಆಕೆಯನ್ನು ದೊಡ್ಡವ್ವ ಎಂದು ಕರೆದೆ. ಅದೇ ಉಳಿಯಿತು.

"ಏನವ್ವಾ, ಮಿಶಿನ್ನ ಆನ್ ಮಾಡಿದ್ದೀಯೋ, ಇಲ್ಲ ಸುಮ್ಕೆ ಸವರ್ತಿದ್ದೀಯೋ?" ಎಂದರು.

"ಆನ್ ಆಗದ ದೊಡ್ಡಪ್ಪ. ಲೈಟು ನೋಡಿ."

"ಲೈಟು ನಮ್ಮನೆ ಟಿವಿಲೂ ಉರೀತದ. ಚಿತ್ರ ಬರಕಿಲ್ಲ."

ದೊಡ್ಡವ್ವ ಮೇಜಿನ ಮೇಲೆ ಕೈ ಚಾಚಿ ಕುಳಿತವರು ನಕ್ಕರು. "ಸುಮ್ಕಿರಿ ಅತ್ಲಾಗಿ. ಟಿವಿ ರಿಪೇರಿಗೆ ಬಂದವ್ರಂಗೆ ಆಡ್ತಾರೆ."

ಮೆಕ್ಕೆಜೋಳ ಮುರಿಯುವ ಹೊತ್ತಿನಲ್ಲಿ ಆನೆಯೊಂದು ಅವರ ಕೊಟ್ಟಿಗೆಯ ಮೂಲೆಯ ತಗಡನ್ನು ಕಿತ್ತೆಳೆದು ಹೋಗಿತ್ತು. ಒಳಗಿದ್ದ ಜೋಳದ ಚೀಲಕ್ಕೆ ಬಂದದ್ದು, ಹಸುಗಳ ತಂಟೆಗೆ ಹೋಗಲಿಲ್ಲ. ಬೆಳಗಾದ ಮೇಲೆ ದೊಡ್ಡವ್ವ, ನೇತಾಡುತ್ತಿದ್ದ ತಗಡು ಹಸುವಿನ ಬೆನ್ನ ಮೇಲೆ ಬಿದ್ದೀತೆಂದು ಬಲಗೈಯಲ್ಲಿ ಅದನ್ನು ತಳ್ಳಿ ಹಿಡಿದಿದ್ದಾರೆ. ತಗಡು ಜಾರಿ ಮುಂಗೈಯ ಒಳಬದಿಗೆ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಕೂತುಬಿಟ್ಟಿದೆ. ಗಾಯಕ್ಕೆ ಹೊಲಿಗೆ ಬಿತ್ತು, ಚರ್ಮ ಚೆನ್ನಾಗಿಯೇ ಕೂಡಿತು. ಹೊಲಿಗೆ ಬಿಚ್ಚಿದ ಮೇಲೂ ಹೆಬ್ಬೆರಳು, ತೋರುಬೆರಳು, ನಡುಬೆರಳು ಬೇರೆ ಯಾರದೋ ಕೈಯವಾಗಿಯೇ ಉಳಿದಾಗ ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಹೋದರು. ಮುಂಗೈಯ ನಡುವೆ ಇಳಿಯುವ ನರ ಪೂರ್ತಿ ತುಂಡಾಗಿತ್ತು. ಅಲ್ಲಿನ ಸರ್ಜನ್ ಮತ್ತೆ ತೆರೆದು, ತುಂಡಾದ ತುದಿಗಳನ್ನು ಚೊಕ್ಕ ಮಾಡಿ, ಕೂದಲಿಗಿಂತ ಸಣ್ಣ ದಾರದಲ್ಲಿ ಜೋಡಿಸಿದರು. ಪಟ್ಟಿ ಬಿಚ್ಚಿದ ಮೇಲೆ ನನ್ನ ಹತ್ತಿರ ಕಳಿಸಿದರು.

ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: ಬೆರಳುಗಳ ಗಂಟು ಬಿಗಿಯಾಗದಂತೆ ನೋಡಿಕೊಳ್ಳಿ, ಹೆಬ್ಬೆರಳು ಅಂಗೈಗೆ ಅಂಟಿಕೊಳ್ಳದಂತೆ ಸ್ಪ್ಲಿಂಟ್ ಕಟ್ಟಿ. ಅಲ್ಟ್ರಾಸೌಂಡ್ ಇಡುವುದಾದರೆ ಇಡಿ, ತೀರಾ ಕಡಿಮೆ, ಬಿಟ್ಟು ಬಿಟ್ಟು ಬರುವ ಅಲೆಯಲ್ಲಿ. ಹಾನಿಯೇನಿಲ್ಲ. ಹೆಚ್ಚಿನ ಭರವಸೆ ಕೊಡಬೇಡಿ. ಕತ್ತರಿಸಿ ಜೋಡಿಸಿದ ನರ ಈ ಅಲೆಗಳ ಕೆಳಗೆ ಬೇಗ ಬೆಳೆಯುತ್ತದೆಂದು ಇಲಿಗಳಲ್ಲಿ ಕಂಡಿದ್ದಾರೆ. ಮನುಷ್ಯರಲ್ಲಿ ಹಾಗೆಯೇ ಆಗುತ್ತದೆಂದು ಗಟ್ಟಿಯಾಗಿ ಹೇಳುವಷ್ಟು ಯಾರಿಗೂ ಗೊತ್ತಿಲ್ಲ. ನಾನೂ ಅಷ್ಟೇ ತಿಳಿದುಕೊಂಡು ಶುರು ಮಾಡಿದೆ.

ತುಂಡಾದ ನರವನ್ನು ಹೊಲಿದರೆ ಒಡೆದ ಪೈಪು ಕೂಡಿಸಿದಂತೆ ನೀರು ಹರಿದುಬಿಡುವುದಿಲ್ಲ. ಹೊಲಿಗೆಯಿಂದ ಕೆಳಗಿನ ಭಾಗ ಒಳಗೊಳಗೇ ಸತ್ತು ಬರೀ ಕೊಳವೆಯಾಗಿ ಉಳಿಯುತ್ತದೆ. ಮೇಲಿನ ತುದಿಯಿಂದ ಹೊಸ ಎಳೆಗಳು ಚಿಗುರಿ ಆ ಕೊಳವೆಯೊಳಗೆ ಇಳಿದು ಬೆರಳ ತುದಿಯ ತನಕ ನಡೆದು ಬರಬೇಕು. ಅದರ ನಡಿಗೆ ಚೆನ್ನಾಗಿದ್ದರೆ ದಿನಕ್ಕೆ ಒಂದು ರಾಗಿ ಕಾಳಿನಗಲ. ಇತ್ತ ಹೆಬ್ಬೆರಳ ಬುಡದ ಮಾಂಸ ನರದ ಕರೆ ಇಲ್ಲದೆ ಕರಗುತ್ತ ಹೋಗುತ್ತದೆ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಮೀರಿದರೆ ನರ ಬಂದು ಬಾಗಿಲು ತಟ್ಟಿದರೂ ಒಳಗೆ ಯಾರೂ ಇರುವುದಿಲ್ಲ.

ಇದನ್ನು ಹೇಳಿದಾಗ ದೊಡ್ಡವ್ವ ಒಂದೇ ಪ್ರಶ್ನೆ ಕೇಳಿದರು. "ಆಲ್ ಕರಿಯಕ್ಕಾಯ್ತದಾ?"

ಮನೆಯಲ್ಲಿ ಕೆಂದಿ ಅನ್ನುವ ಹಸುವಿತ್ತು. ಬೇರೆಯವರು ಕೂತರೆ ಒದೆಯುತ್ತಿತ್ತು, ಒದೆಯದಿದ್ದರೆ ಹಾಲನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತಿತ್ತು. ಸೊಸೆ ಕೂತು ನೋಡಿದ್ದಳು, ದೊಡ್ಡಪ್ಪ ಹೆಂಡತಿಯ ಹಳೇ ಸೀರೆ ಹೊದ್ದು ಕೂತು ನೋಡಿದ್ದರು. ದೊಡ್ಡವ್ವ ಮಾತ್ರ ಕೆಂದಿಯ ಪಕ್ಕೆಗೆ ಹಣೆ ಆನಿಸಿ, ಕಣ್ಣು ಮುಚ್ಚಿಕೊಂಡೇ ಕರೆದು ಮುಗಿಸುತ್ತಿದ್ದರಂತೆ. "ಬೆಳಗಿನ ಆ ಒಂದ್ ಗಳ್ಗೆನೇ ಕಣವ್ವ ನನ್ನದು. ಮಿಕ್ಕ ಒತ್ತೆಲ್ಲ ಮನೆಯವ್ರದು" ಎಂದರು.

ಹಾಲು ಕರೆಯಲು ಹೆಬ್ಬೆರಳು ತೋರುಬೆರಳು ಬಳೆಯಂತೆ ಕೂಡಿ ಮೊಲೆಯ ಬುಡವನ್ನು ಮೊದಲು ಮುಚ್ಚಬೇಕು. ಆಮೇಲೆ ಉಳಿದ ಬೆರಳು ಒಂದೊಂದಾಗಿ ಒತ್ತಬೇಕು. ಬಳೆ ಕೂಡದಿದ್ದರೆ ಹಾಲು ಕೆಳಕ್ಕೆ ಬರುವ ಬದಲು ಕೆಚ್ಚಲಿಗೇ ವಾಪಸು ಹೋಗುತ್ತದೆ. ದೊಡ್ಡವ್ವನ ಕೈಯಲ್ಲಿ ಸತ್ತದ್ದು ಸರಿಯಾಗಿ ಆ ಬಳೆಯೇ.

ಕೆಲಸ ಶುರುವಾಯಿತು. ವಾರಕ್ಕೆ ಮೂರು ದಿನ ಅವರು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮೊದಲು ನೀರಿನ ಹನಿಯ ಪರೀಕ್ಷೆ. ದೊಡ್ಡಪ್ಪನ ಟಿವಿ ಮಾತಿನ ನಂತರ ಅದನ್ನು ಅವರ ಕಣ್ಣೆದುರಿಗೇ ಮಾಡುತ್ತಿದ್ದೆ. ಆಮೇಲೆ ಹೊಲಿಗೆಯ ಜಾಗದಿಂದ ಕೆಳಕ್ಕೆ ಜೆಲ್ ಸವರಿ, ಯಂತ್ರದ ತಲೆಯನ್ನು ಚರ್ಮಕ್ಕೆ ನೇರವಾಗಿ ಹಿಡಿದು, ನಿಧಾನ ಸುತ್ತು. ಒಂದೇ ಕಡೆ ನಿಲ್ಲಿಸಕೂಡದು, ನಿಂತರೆ ಒಳಗೆ ಎಲುಬಿನ ಹತ್ತಿರ ಕಾವು ಕಟ್ಟುತ್ತದೆ. ತಲೆ ಓರೆಯಾಗಿ ನಡುವೆ ಗಾಳಿ ಹೊಕ್ಕರೆ ಅಲೆ ಒಳಗಿಳಿಯುವುದೇ ಇಲ್ಲ. ಕರೆಂಟ್ ಹೋದರೆ ಮೊದಲಿನಿಂದ. ಆಮೇಲೆ ಒಂದೊಂದೇ ಗಂಟನ್ನು ಮಡಚಿ ಬಿಡಿಸುವುದು, ಸ್ಪ್ಲಿಂಟ್ ಕಟ್ಟುವುದು.

ನರ ಎಲ್ಲಿಯ ತನಕ ಬಂದಿದೆ ಎಂದು ತಿಳಿಯಲು ಬೆರಳ ತುದಿಯಿಂದ ಚರ್ಮದ ಮೇಲೆ ತಟ್ಟುತ್ತ ಹೋಗಬೇಕು. ಹೊಸ ಎಳೆಯ ತುದಿ ಇರುವಲ್ಲಿ ತಟ್ಟಿದಾಗ ಸತ್ತ ಬೆರಳುಗಳಲ್ಲಿ ಜುಮ್ಮೆನ್ನುತ್ತದೆ. ತಾಳವಾಡಿ ತಮಿಳುನಾಡಿಗೆ ಸೇರಿದ್ದರಿಂದ ನಾನು ಶಾಲೆಯಲ್ಲಿ ಓದಿದ್ದು ತಮಿಳಿನಲ್ಲಿ, ಕಾಲೇಜು ಇಂಗ್ಲಿಷಿನಲ್ಲಿ. ಕೈಕಾಲಿನ ಸಂಕಟಕ್ಕೆ ಬೇಕಾದ ಕನ್ನಡ ನನ್ನ ಅಜ್ಜಿಯ ಬಾಯಿಂದ ಬಂದದ್ದು. ಜೋಮು ಬೇರೆ, ಮರಗಟ್ಟುವುದು ಬೇರೆ, ಜುಮ್ಮೆನ್ನುವುದು ಬೇರೆ, ಇರುವೆ ಹರಿದಂತಾಗುವುದು ಬೇರೆ. ಯಾವುದು ಬಂದರೆ ಹೇಳಬೇಕೆಂದು ದೊಡ್ಡವ್ವನಿಗೆ ಬಿಡಿಸಿ ಹೇಳಲು ಅಜ್ಜಿಯ ಮಾತು ಒದಗಿತು.

ಗುರುತು ಹಾಕಲು ಪೆನ್ನು ತೆಗೆದೆ. ದೊಡ್ಡವ್ವ, "ಪೆನ್ನಿಂದು ತೊಳದ್ರೆ ಓಯ್ತದ. ತೊಳದ್ರೂ ಓಗದ್ದು ಇಲ್ಲೇ ಅದಲ್ಲ" ಎಂದು ಮುಂಗೈ ತೋರಿಸಿದರು. ಅಲ್ಲಿ ಹಚ್ಚೆಯಿತ್ತು. ಹೊಲಿಗೆಯ ಕೆಳಗಿನಿಂದ ಒಂದು ಚುಕ್ಕಿ ಸಾಲು, ಆಮೇಲೆ ಮುಂಗೈಯ ನಡುವೆ ಅಂಗೈ ಕಡೆ ಕೊಕ್ಕು ಮಾಡಿ ನಿಂತ ನವಿಲು, ಅದರ ಕೆಳಗೆ ತೊಟ್ಟಿಲು, ಮಣಿಕಟ್ಟಿನ ಮೇಲೆ ಅವರ ಅಣ್ಣನ ಹೆಸರು. ಮೈನೆರೆದ ವರ್ಷ ತವರಿನಲ್ಲಿ ಹಾಕಿಸಿಕೊಂಡದ್ದಂತೆ. ಹಸಿರು ಕಪ್ಪಿಗೆ ತಿರುಗಿತ್ತು. ಗೆರೆ ಮಾತ್ರ ಕೆಟ್ಟಿರಲಿಲ್ಲ.

ಅಂದಿನಿಂದ ನಮ್ಮ ಅಳತೆಪಟ್ಟಿ ಅದೇ ಆಯಿತು. ನರ ಮೊದಲ ಚುಕ್ಕಿಗೆ ಬಂತು, ಎರಡು ಚುಕ್ಕಿ ದಾಟಿತು. ಯುಗಾದಿಯ ಹೊತ್ತಿಗೆ ನವಿಲಿನ ಗರಿಗೆ ಮುಟ್ಟಿತು. ದೊಡ್ಡಪ್ಪ ಬಸ್ಸಿಳಿದು ಬರುವಾಗಲೇ ಕೂಗಿ ಕೇಳುತ್ತಿದ್ದರು, "ಇವತ್ತು ಎಲ್ಲವ್ವಾ ಸ್ಟಾಪಿಂಗು?" ನವಿಲಿನ ಕಾಲಿಗೆ ಬಂದಾಗ, "ಇನ್ನು ತೊಟ್ಲು, ಆಮೇಲೆ ಬಾವಮೈದ. ಅವನ್ ತಾವ ಓದ್ರೆ ನಿಲ್ಲಿಸ್ಕಂಡು ಬಿಡ್ತಾನೆ, ಬೇಗ ದಾಟಿಸ್ಬುಡು" ಎಂದರು. ದೊಡ್ಡವ್ವ ಎಡಗೈಯಲ್ಲಿ ಅವರ ತೊಡೆಗೆ ಒಂದು ಕೊಟ್ಟರು. ಆ ದಿನಗಳಲ್ಲಿ ಆ ಕೋಣೆಯಲ್ಲಿ ನಗು ಇತ್ತು ಎಂದು ನೆನಪಿಟ್ಟುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನವಿಲಿನ ಕತ್ತಿಗೆ ಬಂದ ವಾರ ಅವರು ಬರಲಿಲ್ಲ. ಮರುವಾರವೂ ಬರಲಿಲ್ಲ. ಬಂದಾಗ ದೊಡ್ಡವ್ವನ ಬಲಗೈಗೆ ಪಂಚೆಯ ಚೂರು ಸುತ್ತಿತ್ತು. ಬಿಚ್ಚಿದೆ. ಹೆಬ್ಬೆರಳ ಬುಡದಿಂದ ಅಂಗೈ ನಡುವಿನ ತನಕ ಬೊಬ್ಬೆ ಒಡೆದು ಕೆಂಪಗೆ ಮಾಂಸ ಕಾಣುತ್ತಿತ್ತು. ದೊಡ್ಡವ್ವನಿಗೆ ನೋವೇ ಇರಲಿಲ್ಲ. ಅದು ನೋಡಲು ಇನ್ನೂ ಕಷ್ಟವಾಗಿತ್ತು.

ನಡೆದದ್ದನ್ನು ಹೇಳಿದವಳು ಸೊಸೆ. ಆ ದಿನ ಅವಳೂ ಬಂದಿದ್ದಳು. ದೊಡ್ಡಪ್ಪ ಹೊರಗೆ ಜಗುಲಿಯಲ್ಲೇ ಕುಳಿತಿದ್ದರು. ನನ್ನ ಮಿಶಿನ್ನಿನಲ್ಲಿ ಕಾವಿಲ್ಲ ಎಂಬ ಕೊರಗು ಅವರಿಗೆ ಹೋಗಿರಲಿಲ್ಲ. ಊತಕ್ಕೆ, ಉಳುಕಿಗೆ ಇಲ್ಲಿ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಹೆಂಡತಿಯ ಅಂಗೈಗೆ ಇಟ್ಟರು.

"ಕಾವಾಯ್ತಾ ಅಮ್ಮಿ?" ಎಂದು ಕೇಳಿದರಂತೆ.

"ಇಲ್ಲ."

ಇನ್ನಷ್ಟು ಬಿಸಿ ಮಾಡಿ ಇಟ್ಟರು. "ಈಗ?"

"ಏನೂ ಗೊತ್ತಾಯ್ತಿಲ್ಲ ಕಣ."

ಮನೆಯಲ್ಲಿ ಯಾರಿಗೆ ಶಾಖ ಕೊಟ್ಟರೂ ಸಾಕು ಎಂದು ಹೇಳುವುದು ಶಾಖ ಕೊಡಿಸಿಕೊಳ್ಳುವವರ ಕೆಲಸ. ಅವರು ಸಾಕು ಅನ್ನುವ ತನಕ ಕೊಡುವವರು ಕೊಡುತ್ತಾರೆ. ದೊಡ್ಡಪ್ಪ ಕೊಟ್ಟರು. ಕೊನೆಗೆ ಒಳಗಿದ್ದ ಸೊಸೆ ಸುಟ್ಟ ವಾಸನೆ ಬಡಿದು ಓಡಿ ಬಂದಳು.

ನನಗೆ ಸಿಟ್ಟು ಬಂತು. ಹೊರಗೆ ಬಂದು ನೋಡಿದರೆ ಆ ಮನುಷ್ಯ ತಲೆಯ ವಸ್ತ್ರ ತೆಗೆದು ಮಡಿಲಲ್ಲಿಟ್ಟುಕೊಂಡು ಬಸ್ಸುಗಳನ್ನು ನೋಡುತ್ತ ಕುಳಿತಿದ್ದರು. ಒಳಗೆ ಹೋಗಿ ದೊಡ್ಡವ್ವನಿಗೇ ಹೇಳಿದೆ, "ಇನ್ನು ಮೇಲೆ ಈ ಕೈ ಮೇಲಿಂದ ಕಣ್ಣು ತೆಗೀಬೇಡಿ. ಚರ್ಮ ಮಾಡೋ ಕೆಲಸನ ಕಣ್ಣು ಮಾಡ್ಬೇಕು. ಒಲೆ ಮುಂದೆ, ಬಿಸಿನೀರ ಮುಂದೆ, ಎಲ್ಲಿ ಕೈ ಇಟ್ಟರೂ ನೋಡಿ ಇಡಿ." ಅವರು ತಲೆಯಾಡಿಸಿದರು. ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಹೆಂಗಸು.

ಸುಟ್ಟ ಗಾಯ ಮಾಯಲು ಮುಂಗಾರು ಪೂರ್ತಿ ಹಿಡಿಯಿತು. ಅಷ್ಟು ದಿನ ಅಂಗೈಗೆ ಸ್ಪ್ಲಿಂಟ್ ಕಟ್ಟುವಂತಿಲ್ಲ, ಹೆಬ್ಬೆರಳನ್ನು ಅಗಲಿಸುವಂತಿಲ್ಲ. ಮಾಯ್ದ ಚರ್ಮ ಬಿಗಿದುಕೊಂಡು ಹೆಬ್ಬೆರಳು ಅಂಗೈ ಪಕ್ಕಕ್ಕೆ ಅಂಟಿಕೊಂಡಿತು. ಮುಂಗೈ ಮೇಲೆ ಅಲ್ಟ್ರಾಸೌಂಡ್ ಮಾತ್ರ ಮುಂದುವರಿಸಿದೆ. ಅಲ್ಲಿ ಗಾಯವೇನೂ ಇರಲಿಲ್ಲ.

ಇದೇ ಸಮಯಕ್ಕೆ ಕೆಂದಿಗೆ ಕೆಚ್ಚಲು ಬಾವು ಬಂತು. ದೊಡ್ಡವ್ವ ಎಡಗೈಯೊಂದರಲ್ಲೇ ಕರೆಯುತ್ತಿದ್ದರು. ಅದು ನಿಧಾನ, ಪೂರ್ತಿ ಖಾಲಿಯಾಗುವುದಿಲ್ಲ, ಉಳಿದ ಹಾಲು ಒಳಗೆ ಕೆಟ್ಟಿತು. ಔಷಧಿ ಹಾಕಿಸಿದರು, ಹಸು ಉಳಿಯಿತು. ಒಂದು ಮೊಲೆ ಬತ್ತಿಹೋಯಿತು. "ನಂದೂ ಮೂರ್ ಬೆರಳ್ ಓದೊ, ಅದ್ರದೂ ಒಂದ್ ಮೊಲೆ ಓಯ್ತು. ಸಮ ಆಯ್ತು ಬುಡು" ಎಂದು ದೊಡ್ಡವ್ವ ನಗಲು ನೋಡಿದರು. ದೊಡ್ಡಪ್ಪ ನಗಲಿಲ್ಲ. ಆ ಮನುಷ್ಯ ಈಗ ಸ್ಟಾಪಿಂಗು ಕೇಳುವುದನ್ನು ಬಿಟ್ಟಿದ್ದರು.

ನರ ಮಾತ್ರ ನಡೆಯುತ್ತಲೇ ಇತ್ತು. ನಡೆಯುತ್ತಿದೆ ಎಂದು ನಾವು ತಿಳಿದಿದ್ದೆವು. ನವಿಲಿನ ಕೊಕ್ಕು ಮುಟ್ಟಿತು. ಸ್ವಲ್ಪ ದಿನ ಅಲ್ಲೇ ನಿಂತಂತೆ ಕಂಡು, ಆಮೇಲೆ ತೊಟ್ಟಿಲ ಹಗ್ಗಕ್ಕೆ ಬಂತು. ನಾನು ತಟ್ಟುವುದನ್ನು ದೊಡ್ಡವ್ವ ಕಣ್ಣು ಮಿಟುಕಿಸದೆ ನೋಡುತ್ತ, "ಆಂ, ಬಂತು. ಬೆರಳ್ಗೋಯ್ತು" ಅನ್ನುತ್ತಿದ್ದರು. ಮಳೆ ತೆಳ್ಳಗಾಗುವ ಹೊತ್ತಿಗೆ ತೊಟ್ಟಿಲ ನಡುಭಾಗ. ಅದನ್ನು ಸರ್ಜನ್‌ಗೆ ಫೋನಿನಲ್ಲಿ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಅಷ್ಟು ದೂರ ಬಂದಿದ್ದರೆ ತೋರುಬೆರಳನ್ನು ಮಡಚುವ ಸ್ನಾಯುವಿನಲ್ಲಿ ಒಂದಿಷ್ಟಾದರೂ ಅಲುಗಾಟ ಕಾಣಬೇಕಿತ್ತು, ಕಾಣುತ್ತಿಲ್ಲವಲ್ಲ ಎಂದರು. ಮುಖ ತಿರುಗಿಸಿ ಕೂರಿಸಿ ಇನ್ನೊಮ್ಮೆ ತಟ್ಟಿ ನೋಡಿ ಅಂದರು.

ಮಾರನೆಯ ಸಲ ದೊಡ್ಡವ್ವನಿಗೆ ಗೋಡೆ ಕಡೆ ತಿರುಗಲು ಹೇಳಿದೆ. "ಕಣ್ ತೆಗೀಬೇಡ ಅಂದವ್ಳು ನೀನೇ" ಎಂದು ಗೊಣಗುತ್ತ ತಿರುಗಿದರು. ಚುಕ್ಕಿ ಸಾಲಿನ ಮೇಲೆ ತಟ್ಟಿದೆ. ಏನೂ ಇಲ್ಲ, ಎಳೆಯ ತುದಿ ಅಲ್ಲಿಂದ ಮುಂದೆ ಹೋದ ಮೇಲೆ ಇರಬೇಕಾದದ್ದೂ ಹಾಗೆಯೇ. ಕೊಕ್ಕಿನ ಮೇಲೆ ತಟ್ಟಿದೆ, "ಬಂತು" ಎಂದು ತಕ್ಷಣ ಅಂದರು, ಭುಜ ಕೂಡ ಅದುರಿತು. ತೊಟ್ಟಿಲ ಮೇಲೆ ತಟ್ಟಿದೆ. ಸ್ವಲ್ಪ ತಡೆದು, "ಬಂತು". ಆಮೇಲೆ ಬೆರಳನ್ನು ಗಾಳಿಯಲ್ಲೇ ಹಿಡಿದು ಸುಮ್ಮನಿದ್ದೆ.

"ಬಂತು ಕಣವ್ವ. ಬೆರಳ್ಗೋಯ್ತು" ಎಂದರು.

"ದೊಡ್ಡವ್ವ, ನಾನು ತಟ್ಟೇ ಇಲ್ಲ."

ಅವರು ಗೋಡೆ ಕಡೆಯೇ ತಿರುಗಿಕೊಂಡಿದ್ದರು. ಹಾಗೆಯೇ ಕೂತು, "ನವಿಲು ದಾಟ್ನೇ ಇಲ್ಲ ಮಗ" ಎಂದರು.

"ಮತ್ತೆ ಯಾಕೆ ಬಂತು ಅಂದ್ರಿ?"

"ಬರ್ನಿಲ್ಲ ಅಂದಾಗ ನಿನ್ನ ಮೊಕ ನೋಡಕ್ಕಾಯ್ತಿರ್ಲಿಲ್ಲ. ಮನೇಲಿ ಅವ್ರ ಮೊಕ, ಇಲ್ಲಿ ನಿನ್ನ ಮೊಕ. ಅವ್ರು ನಾನೇ ಸುಟ್ಟು ನಿಲ್ಲಿಸ್ಬುಟ್ಟೆ ಅಂತ ಅನ್ನ ಬುಟ್ಟು ಕೂತವ್ರೆ. ಇವತ್ತು ತೊಟ್ಲಿಗೆ ಬಂತು ಅಂದ್ರೆ ಒಂದ್ ತುತ್ತು ಉಣ್ತಾರೆ." ಆಮೇಲೆ ಮೆಲ್ಲಗೆ ಸೇರಿಸಿದರು, "ನೀನೂ ಮಿಶಿನ್ ನಿಲ್ಲಿಸ್ಬುಟ್ರೆ ಅಂತ."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಯಂತ್ರದ ತಲೆಯನ್ನು ಅಂಗಾತ ಹಿಡಿದು ನೀರು ಬಿಟ್ಟೆ. ಹರಳು ಒಡೆದಿರಲಿ ಎಂದು ನಾನು ಬಯಸಿದ್ದು ಸುಳ್ಳಲ್ಲ. ಯಂತ್ರ ಸತ್ತಿದ್ದರೆ ಹೊಸ ತಲೆ ತರಿಸಬಹುದು, ಮತ್ತೆ ಶುರು ಮಾಡಬಹುದು. ನೀರು ಎಂದಿನ ಹಾಗೆ ನಡುಗಿತು. ತುಂತುರು ತೆಳ್ಳಗೆ ಎದ್ದು ಹೋಯಿತು. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ.

ಮತ್ತೆ ಫೋನ್ ಮಾಡಿದಾಗ ಸರ್ಜನ್ ಹೇಳಿದ್ದರಲ್ಲಿ ಗೊಂದಲವಿರಲಿಲ್ಲ. ನರ ಕೊಕ್ಕಿನ ಹತ್ತಿರ ಗಂಟುಗಟ್ಟಿ ನಿಂತಿರಬೇಕು. ಹೊಲಿಯುವ ಮೊದಲು ಕಳೆದ ದಿನಗಳು, ವಯಸ್ಸು, ಯಾವುದೆಂದು ಹೇಳಲಾಗದು. ಮತ್ತೆ ತೆರೆದು ಬೇರೆಡೆಯ ನರದ ತುಂಡು ತಂದು ಜೋಡಿಸಿದರೂ ಹೆಬ್ಬೆರಳ ಮಾಂಸ ಕಾಯುವಷ್ಟು ದಿನ ಉಳಿದಿಲ್ಲ. ಈಗ ಮಾಡಬಹುದಾದದ್ದು ಒಂದೇ. ಕೈಯ ಹಿಂಬದಿಯಲ್ಲಿ ತೋರುಬೆರಳನ್ನು ನೆಟ್ಟಗೆ ಮಾಡುವ ಎರಡು ಸ್ನಾಯುವಿನ ಹುರಿಗಳಿವೆ. ಅವುಗಳಲ್ಲಿ ಒಂದನ್ನು ಬಿಡಿಸಿ, ಮಣಿಕಟ್ಟಿಗೆ ಬಳಸಿ ತಂದು ಹೆಬ್ಬೆರಳಿಗೆ ಕಟ್ಟುವುದು. ತೋರುಬೆರಳನ್ನು ಮಡಚುವ ಹುರಿಯನ್ನು ಪಕ್ಕದ ಬದುಕಿರುವ ಬೆರಳಿನದಕ್ಕೆ ಹೊಲಿಯುವುದು. ಬಳೆ ಕೂಡುತ್ತದೆ. ಸ್ಪರ್ಶ ಬರುವುದಿಲ್ಲ, ಎಂದಿಗೂ. ಅದಕ್ಕೂ ಮೊದಲು ಅಂಟಿಕೊಂಡ ಹೆಬ್ಬೆರಳು ಸಡಿಲವಾಗಬೇಕು. ಬಿಗಿದ ಗಂಟಿಗೆ ಹುರಿ ಕಟ್ಟಿ ಪ್ರಯೋಜನವಿಲ್ಲ. ತಡ ಮಾಡಿದಷ್ಟೂ ಗಂಟು ಕಲ್ಲಾಗುತ್ತದೆ.

ದೊಡ್ಡವ್ವ ಒಪ್ಪಲಿಲ್ಲ. "ಮಿಶಿನ್ ಇಡ್ತಾ ಇರು. ಬಂದಾಗ ಬರ್ಲಿ" ಎಂದರು. ಬೈಯಲೂ ಇಲ್ಲ, ಅಳಲೂ ಇಲ್ಲ. ಬಸ್ಸಿಗೆ ಬರುವುದನ್ನು ತಪ್ಪಿಸಲಿಲ್ಲ. ಕೈ ಚಾಚಿ ಕೂರುವರು. ನಾನು ಜೆಲ್ ಸವರುವೆ. ಯಂತ್ರದ ತಲೆ ಮುಂಗೈ ಮೇಲೆ ಸುತ್ತುತ್ತಿರುವಷ್ಟು ಹೊತ್ತು ಅವರ ಮುಖ ತಿಳಿಯಾಗುತ್ತಿತ್ತು. ನೋವಿಲ್ಲದ, ಸದ್ದಿಲ್ಲದ, ತಣ್ಣನೆಯ ಚಿಕಿತ್ಸೆ. ಅದರ ಮುಂದೆ ಕತ್ತಿ ಹಿಡಿದು ಕಾಯುವ ಸರ್ಜನ್‌ನನ್ನು ಯಾರು ಆರಿಸಿಕೊಳ್ಳುತ್ತಾರೆ? ಹಾನಿಯೇನಿಲ್ಲ ಎಂಬ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಈ ಯಂತ್ರ ಚರ್ಮಕ್ಕೆ ಹಾನಿ ಮಾಡುತ್ತಿರಲಿಲ್ಲ, ನಿಜ. ಅವರನ್ನು ಈ ಮೇಜಿಗೆ ಕಟ್ಟಿಹಾಕಿ ಹೊತ್ತು ಕಳೆಯುತ್ತಿತ್ತು.

ಒಂದು ಬೆಳಿಗ್ಗೆ ಅವರು ಬರುವ ಮೊದಲು ಯಂತ್ರದ ಪ್ಲಗ್ ಕಿತ್ತು, ವಯರು ಸುತ್ತಿ, ಮೇಲೆ ಟವೆಲ್ ಮುಚ್ಚಿದೆ.

ದೊಡ್ಡವ್ವ ಕುಳಿತು ಕೈ ಚಾಚಿದರು. ಟವೆಲ್ ನೋಡಿದರು. "ಕರೆಂಟಿಲ್ವಾ?"

"ಅದ. ನಾನು ಇನ್ನು ಇಡಲ್ಲ ದೊಡ್ಡವ್ವ."

"ಯಾಕೆ?"

"ಇಟ್ರೆ ನೀವು ಕೆಳಗೆ ಆಸ್ಪತ್ರೆಗೆ ಹೋಗಲ್ಲ. ಅದ್ಕೆ."

ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. "ಇಡವ್ವಾ" ಎಂದರು. "ಒಂದ್ ವರ್ಸ ಇಟ್ಟಿದ್ದೀಯೆ. ಇನ್ನೊಂದೀಟು ದಿನ. ನಾನ್ ಮಾಡಿದ್ಕೆ ಅವ್ಳಿಗ್ಯಾಕೆ ಸಿಕ್ಸೆ."

"ದೊಡ್ಡಪ್ಪ, ನೀವು ಸುಟ್ಟದ್ದು ಅಂಗೈನ. ನರ ನಿಂತಿರೋದು ಇಲ್ಲಿ, ನವಿಲಿನ ತಾವ. ಎರಡಕ್ಕೂ ಸಂಬಂಧ ಇಲ್ಲ. ಹೆಬ್ಬೆರಳು ಬಿಗಿಯಾದದ್ದು ಅದ್ರಿಂದ, ನಿಜ. ನರ ನಿಂತದ್ದು ಅದ್ರಿಂದ ಅಲ್ಲ."

ಅವರು ನಂಬಲಿಲ್ಲ. ಎಷ್ಟು ಸಲ ಹೇಳಿದರೂ ಇಂದಿಗೂ ನಂಬಿಲ್ಲ.

ದೊಡ್ಡವ್ವ ಕೈ ಹಿಂದಕ್ಕೆಳೆದುಕೊಂಡು ಸೆರಗಿನಲ್ಲಿ ಮುಚ್ಚಿದರು. "ನೀನೂ ಬುಟ್ಬುಟ್ಟೆ" ಎಂದು ಎದ್ದರು. ಅವತ್ತು ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ನನ್ನ ಜಗುಲಿಯಲ್ಲಿ ಕೂರದೆ ದೂರದ ಅಂಗಡಿ ಮುಂದೆ ಹೋಗಿ ನಿಂತರು. ಕಿಟಕಿಯಿಂದ ಕಾಣುತ್ತಿತ್ತು.

ಆ ತಿಂಗಳು ಅವರು ಬರಲಿಲ್ಲ. ನಾನು ಯಂತ್ರವನ್ನು ಬೇರೆಯವರ ಸೊಂಟಕ್ಕೆ, ಮಂಡಿಗೆ ಇಡುತ್ತಿದ್ದೆ. ಜೀರಹಳ್ಳಿ ಬಸ್ಸಿನ ಹೊತ್ತಿಗೆ ಕಿವಿ ಅತ್ತ ಹೋಗುತ್ತಿತ್ತು. ನಾನು ಮಾಡಿದ್ದು ಸರಿಯೆಂದು ತಿಳಿದಿತ್ತು, ಆದರೆ ಒಬ್ಬರ ಮುಖದ ನೆಮ್ಮದಿಯನ್ನು ಕಿತ್ತುಕೊಂಡು ಸರಿ ಮಾಡಿದೆ ಎಂದು ಕೂರುವುದು ಸುಲಭವಲ್ಲ.

ಕೊನೆಗೆ ಬಂದವಳು ಸೊಸೆ, ಒಬ್ಬಳೇ. "ಅಕ್ಕ, ಅತ್ತೆ ಆ ಕೈನ ಮನೇಲಿ ಯಾರ್ಗೂ ತೋರಿಸ್ತಿಲ್ಲ. ನಾನು ಕೇಳ್ದೆ, ಕೆಂದಿ ಮಗಳು ಗಬ್ಬ ಆಗದ, ಕರು ಆಕುದ್ರೆ ಯಾರ್ ಕರಿಯದು, ನನ್ನಂತೂ ಒದ್ದುಬುಡ್ತದ ಅಂತ. ಬೆಳಿಗ್ಗೆ, ಆ ಹುಡುಗಿನ ಕೇಳ್ಕಂಡು ಬಾ, ಬೆರಳ್ ಸಡಿಲ ಮಾಡಕ್ಕೆ ಎಷ್ಟ್ ದಿನ ಬೇಕು ಅಂತ, ಅಂದ್ರು."

ಸಡಿಲ ಮಾಡಲು ಚಳಿಗಾಲ ಪೂರ್ತಿ ಬೇಕಾಯಿತು. ಮಾಯ್ದ ಚರ್ಮಕ್ಕೆ ಎಣ್ಣೆ ತಿಕ್ಕಿ ಹಿಗ್ಗಿಸುವುದು, ವಾರ ವಾರ ಸ್ವಲ್ಪ ಅಗಲದ ಸ್ಪ್ಲಿಂಟ್ ಕಟ್ಟುವುದು. ದೊಡ್ಡವ್ವ ಬರುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅಷ್ಟೇ. ಆಮೇಲೆ ಘಾಟಿ ಇಳಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರು.

ಹೊಸ ಹುರಿಗೆ ಹೊಸ ಕೆಲಸ ಕಲಿಸಬೇಕು. ಹುಟ್ಟಿನಿಂದ ತೋರುಬೆರಳು ಚಾಚುತ್ತಿದ್ದ ಸ್ನಾಯು ಈಗ ಹೆಬ್ಬೆರಳನ್ನು ಎಳೆಯಬೇಕು. ಹಾಗಾಗಿ ಹೆಬ್ಬೆರಳು ಅಲ್ಲಾಡಿಸಿ ಅಂದರೆ ಏನೂ ಆಗುವುದಿಲ್ಲ. ಏನನ್ನಾದರೂ ಬೆರಳು ಮಾಡಿ ತೋರಿಸಿ ಅನ್ನಬೇಕು. ಕಿಟಕಿಯಾಚೆ ಕೈ ಮಾಡಿಸಿ, "ದೊಡ್ಡಪ್ಪ ಎಲ್ಲಿ, ತೋರ್ಸಿ" ಎಂದೆ. ದೊಡ್ಡವ್ವ ತೋರಿಸಲು ಹೋದರು, ಹೆಬ್ಬೆರಳು ಮೆಲ್ಲಗೆ ಅಂಗೈ ದಾಟಿ ಬಂತು. ಅವರು ಅದನ್ನೇ ನೋಡುತ್ತ ಕುಳಿತರು. ಆಮೇಲೆ ಇನ್ನೊಮ್ಮೆ ತೋರಿಸಿದರು. ಆ ದಿನದಿಂದ ನನ್ನ ಜೊತೆ ಮತ್ತೆ ಮಾತು ಶುರುವಾಯಿತು.

ಕೈಗವಸಿಗೆ ನೀರು ತುಂಬಿ, ಬೆರಳ ತುದಿಗಳಿಗೆ ಸೂಜಿಯಿಂದ ತೂತು ಮಾಡಿ, ಸ್ಟೂಲಿನ ಕೆಳಗೆ ಕಟ್ಟಿ ಹಾಲು ಕರೆಯುವುದನ್ನು ಮಾಡಿಸಿದೆ. ಮೊದಮೊದಲು ಒತ್ತಡ ತಿಳಿಯದೆ ಗವಸು ಹರಿಯುತ್ತಿತ್ತು. "ಇದ್ಕೆ ಒದಿಯಕ್ಕೆ ಕಾಲಿಲ್ಲ, ಬಚಾವು" ಎಂದರು ದೊಡ್ಡಪ್ಪ. ಬಹಳ ದಿನದ ಮೇಲೆ ಅವರ ಬಾಯಿಂದ ಬಂದ ಹಾಸ್ಯ. ಬರಬರುತ್ತ ದೊಡ್ಡವ್ವ ಬೆರಳ ಬಣ್ಣ ನೋಡಿ, ಗವಸು ಸೊಟ್ಟಗಾಗುವುದು ನೋಡಿ ಒತ್ತುವುದು ಕಲಿತರು. ನೀರು ಸಣ್ಣ ಎಳೆಯಾಗಿ ನೆಟ್ಟಗೆ ಬಂತು.

ಕೆಂದಿಯ ಮಗಳು ಚೊಚ್ಚಲು ಕರು ಹಾಕಿದೆ, ಬಾ ಎಂದು ಹೇಳಿ ಕಳಿಸಿದಾಗ ಒಂದು ಸಂಜೆ ಅವರ ಮನೆಗೆ ಹೋದೆ. ಕೊಟ್ಟಿಗೆಗೆ ಹೊಸ ತಗಡು ಬಂದಿತ್ತು. ದೊಡ್ಡವ್ವ ಮೊದಲು ಕೆಂದಿಯ ಹತ್ತಿರ ಕುಳಿತರು. ಬಳೆ ಕೂಡಿತು. ಹಿಡಿತ ಸರಿಯಾಗಿತ್ತು, ಒತ್ತಡವೂ ಸರಿಯಾಗಿತ್ತು, ನಾನು ಪಕ್ಕದಲ್ಲೇ ಕೂತು ನೋಡಿದೆ. ಆದರೆ ಕೈ ನೋಡಿಕೊಂಡೇ ಕರೆಯಬೇಕಾದ್ದರಿಂದ ಅವರು ಕುತ್ತಿಗೆ ಬಗ್ಗಿಸಿ ಕೆಚ್ಚಲ ಕೆಳಗೇ ಕಣ್ಣು ನೆಟ್ಟಿದ್ದರು. ಹಣೆ ಪಕ್ಕೆಗೆ ತಾಗುತ್ತಿರಲಿಲ್ಲ. ಕೆಂದಿ ಒದೆಯಲಿಲ್ಲ. ಒಮ್ಮೆ ಹಿಂತಿರುಗಿ ನೋಡಿ ಹಾಲನ್ನು ಮೇಲಕ್ಕೆ ಎಳೆದುಕೊಂಡಿತು. ದೊಡ್ಡವ್ವ ಎರಡು ಸಲ ಹಣೆ ಆನಿಸಿ ನೋಡಿದರು. ಹಣೆ ಆನಿಸಿದರೆ ಕೈ ಕಾಣದು, ಕೈ ಕಾಣದಿದ್ದರೆ ಬೆರಳು ಎಲ್ಲಿದೆಯೆಂದು ತಿಳಿಯದು. ಮೊಲೆ ಕೈಯಿಂದ ಜಾರಿತು.

"ದಿನಾ ಇಂಗೇ ಕಣವ್ವ" ಎಂದು ಎದ್ದು, ಚೆಂಬು ತೆಗೆದುಕೊಂಡು ಪಕ್ಕದ ಗೂಟಕ್ಕೆ ಹೋದರು.

ದೊಡ್ಡಪ್ಪ ಕೆಂದಿಯ ಮಗಳ ತಲೆ ಹಿಡಿದು ಕತ್ತಿನ ಕೆಳಗಿನ ಗಂಗೆದೊಗಲು ಕೆರೆಯುತ್ತ ನಿಂತರು. ಬಲ್ಬು ದೊಡ್ಡವ್ವನ ಕೈ ಮೇಲೆ ಬೀಳಲಿ ಎಂದು ಪಕ್ಕಕ್ಕೆ ಸರಿದು ನಿಂತದ್ದು ಕಂಡಿತು. ದೊಡ್ಡವ್ವ ಕುಳಿತು, ಬಗ್ಗಿ, ಹೆಬ್ಬೆರಳು ತೋರುಬೆರಳು ಕೂಡುವುದನ್ನು ಕಣ್ಣಲ್ಲಿ ನೋಡಿ, ಒತ್ತಿದರು. ಹಾಲು ಚೆಂಬಿನ ತಳಕ್ಕೆ ಬಡಿದು ಸದ್ದು ಮಾಡಿತು. ಚೊಚ್ಚಲ ಹಸು ಕಿವಿ ಅಲ್ಲಾಡಿಸಿತು, ಕಾಲು ಕದಲಿಸಲಿಲ್ಲ. ಚೆಂಬು ನೊರೆ ಕಟ್ಟಿತು. ಬಲ್ಬಿನ ಬೆಳಕಿನಲ್ಲಿ ಮುಂಗೈ ಮೇಲಿನ ನವಿಲು ಒತ್ತಿದಾಗೊಮ್ಮೆ ಕತ್ತು ಚಾಚುತ್ತಿತ್ತು.

"ಇದು ಒಪ್ಪುತು ನೋಡು" ಎಂದರು ದೊಡ್ಡವ್ವ, ತಲೆ ಎತ್ತದೆ. "ಇದ್ಕೆ ನನ್ನ ಅಳೇ ಕೈ ಗೊತ್ತಿಲ್ಲ."

ಪಕ್ಕದಲ್ಲಿ ಕೆಂದಿ ಹಗ್ಗ ಬಿಗಿಯುವಷ್ಟು ಕತ್ತು ತಿರುಗಿಸಿ ಅವರ ಹಣೆಯನ್ನೇ ನೋಡುತ್ತಿತ್ತು.